ಅದರಲ್ಲೊಂದು ಎಲೆ ಹಸಿರು

ನಮ್ಮ ಬೀದಿಯ ಬೆಳ್ಳಿ ಯಜಮಾನರಿಗೆ ಕೆಂಪೂ ಹಸಿರೂ ಒಂದೇ ಥರ ಕಾಣುತ್ತವೆ. ಹುಟ್ಟಿನಿಂದಲೇ ಹಾಗೆ. ಎರಡೂ ಅವರ ಕಣ್ಣಿಗೆ ಒಣಮಣ್ಣಿನ ಬಣ್ಣ. ಈಗ ಇದನ್ನು ಅವರೇ ಗಿರಾಕಿಗಳಿಗೆಲ್ಲ ಹೇಳುತ್ತಾರೆ, ಹಾಗಾಗಿ ನಾನು ಬರೆದರೆ ತಪ್ಪೇನಿಲ್ಲ. ಆದರೆ ಮೊದಲು ಹಾಗಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುತ್ತ ಅರ್ಧ ಆಯುಷ್ಯ ಕಳೆದ ನನಗೂ ಇದರ ಸುಳಿವು ಹತ್ತಿರಲಿಲ್ಲ. ಅವರ ಹೆಂಡತಿಗೆ ಮಾತ್ರ ಗೊತ್ತಿತ್ತು, ಆಕೆ ತೀರಿಕೊಂಡರು.

ಬಣ್ಣ ಕಾಣದವರು ಹರಳಿನ ಒಡವೆಗೆ ಯಾಕೆ ಕೈ ಹಾಕಬೇಕಿತ್ತು ಎಂದು ನೀವು ಕೇಳಬಹುದು. ಯಜಮಾನರಿಗೆ ಗೊತ್ತಿದ್ದದ್ದು ಬೆಳ್ಳಿ. ತಗಡು ಕತ್ತರಿಸಿ, ಬಡಿದು, ಅರ ಹಾಕಿ ಅವರೊಂದು ಎಲೆ ಮಾಡಿದರೆ ಅದರ ನರಗಳನ್ನೂ ಎಣಿಸಬಹುದಿತ್ತು. ಹರಳು ಕೂರಿಸೋಣ, ಒಂದೊಂದು ಋತುವಿಗೆ ಒಂದೊಂದು ಒಡವೆ ಮಾಡೋಣ ಎಂದದ್ದು ಹೆಂಡತಿ. ಬೀದಿಯ ಕೊನೆಯಲ್ಲೊಂದು ದೊಡ್ಡ ಮರವಿದೆ. ಆಕೆ ಬೆಳಿಗ್ಗೆ ಕಿಟಕಿಯಲ್ಲಿ ನಿಂತು "ಇವತ್ತು ಶುರುವಾಯ್ತು ನೋಡಿ" ಎಂದರೆ ಮರದ ಎಲೆ ಕೆಂಪಾಗತೊಡಗಿದೆ ಎಂದರ್ಥ. ಯಜಮಾನರಿಗೆ ಆ ಮರ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರುತ್ತಿತ್ತು. ಎಲೆಗಳು ಉದುರಿ ಕಾಲಿಗೆ ಸಿಕ್ಕಿದಾಗಲೇ ಅವರಿಗೆ ಋತು ಬದಲಾದದ್ದು ಖಾತ್ರಿಯಾಗುವುದು. ಆದರೂ ಆಕೆ ಹೇಳಿದ ದಿನವೇ ಎದ್ದು ಹೋಗಿ ತಗಡು ಕತ್ತರಿಸಲು ಕೂರುತ್ತಿದ್ದರು. ಆಕೆ ಎದುರಿನ ಸ್ಟೂಲಿನಲ್ಲಿ ಕೂತು ಹರಳು ಆರಿಸುತ್ತಿದ್ದರು. ಬೀದಿಯವರು ಅವರನ್ನು ಯಜಮಾನರು ಎಂದರೂ ಯಜಮಾನಿಕೆ ಯಾರದೆಂದು ಗೋಡೆಯಾಚೆ ಕೂತ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

ಅವರು ತಾವೇ ಆರಿಸಿದ್ದು ಒಂದೇ ಒಂದು ಹರಳು. ಮದುವೆಯಲ್ಲಿ ಹೆಂಡತಿಗೆ ಕೊಟ್ಟ ಉಂಗುರದ್ದು. ಬಿಸಿಲುಕಾಲದಲ್ಲಿ ಹುಟ್ಟಿದ ಹುಡುಗಿ ಎಂದು, ಬೇಸಿಗೆಯ ಬಣ್ಣವಿರಲಿ ಎಂದು, ವ್ಯಾಪಾರಿಯ ಡಬ್ಬಿಯಿಂದ ಕೆಂಪು ಹರಳು ಹುಡುಕಿ ಕೂರಿಸಿದ್ದರು. ವ್ಯಾಪಾರಿಯನ್ನು ಕೇಳಿದರೆ ಗುಟ್ಟು ಬಯಲಾಗುತ್ತದಲ್ಲ, ಕೇಳದೇ ಆರಿಸಿ, ಇದು ಬೇಸಿಗೆಯ ಕೆಂಪು ಎಂದು ಹೇಳಿಯೇ ತೊಡಿಸಿದ್ದರು. ಆಕೆ ಅದನ್ನು ಬೆರಳಿನಿಂದ ತೆಗೆದದ್ದೇ ಇಲ್ಲ. ಮದುವೆಯಾಗಿ ಸ್ವಲ್ಪ ದಿನಕ್ಕೆ ಯಜಮಾನರು ತಮ್ಮ ಕಣ್ಣಿನ ವಿಷಯ ಹೇಳಿದಾಗ ಆಕೆ ಬೆಚ್ಚಿಬೀಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಸರಿ, ಇನ್ನು ಮೇಲೆ ಹರಳು ನಾನು ಆರಿಸುತ್ತೇನೆ, ನೀವು ಬೆಳ್ಳಿ ನೋಡಿಕೊಳ್ಳಿ ಎಂದರಂತೆ. ಎಂಥ ದೊಡ್ಡ ಮನಸ್ಸು ಎಂದು ಯಜಮಾನರು ಜೀವಮಾನವೆಲ್ಲ ಬೀಗಿದರು.

ಆಕೆ ಹೋದ ಮೇಲೆ ಆ ಉಂಗುರ ಯಜಮಾನರ ಕಿರುಬೆರಳಿಗೆ ಬಂತು. ಉಳಿದದ್ದೆಲ್ಲ ಹಾಗೇ ಇತ್ತು, ಎದುರಿನ ಸ್ಟೂಲು ಸಹ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರಿದಾದ ಮೆಟ್ಟಿಲು. ಮೇಲೆ ಹೋದರೆ ಮಾತಾಡುವವರಿಲ್ಲ, ಕೆಳಗೆ ಬಂದರೆ ಕೇಳುವವರಿಲ್ಲ. ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ಹಾಕಿಕೊಂಡು ಬರುತ್ತಿದ್ದರು. ಪೇಟೆಯಿಂದ ಟೊಮೆಟೊ ತಂದರೆ ಅರ್ಧ ಕಾಯಿ. ತರಕಾರಿಯಾಕೆ, ಇವರಿಗೆ ಹುಳಿಯೆಂದರೆ ಇಷ್ಟವಿರಬೇಕೆಂದು ಕಾಯಿಗಳನ್ನೇ ತೆಗೆದಿಟ್ಟು ಕೊಡತೊಡಗಿದಳು. ಇವರು ಬಾಯಿ ಬಿಡದೆ ತಂದು ತಿಂದರು. ನನಗೆ ಕೋಪ ಬರುವುದು ಇಂಥದ್ದಕ್ಕೇ. ಟೊಮೆಟೊ ಬಣ್ಣ ಕೇಳಿದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಅವರ ಲೆಕ್ಕವೇ ಬೇರೆ. ಬಣ್ಣ ಕಾಣದವನ ಕೈಯಿಂದ ಯಾರು ಹರಳಿನ ಒಡವೆ ಕೊಳ್ಳುತ್ತಾರೆ? ಒಂದು ಕಡೆ ಬಾಯಿ ಬಿಟ್ಟರೆ ಊರೆಲ್ಲ ಹಬ್ಬುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ, ಅಂಗಡಿಯೂ ಹೋದರೆ ತಾನು ಹಗಲೆಲ್ಲ ಎಲ್ಲಿ ಕೂರುವುದು ಎಂಬ ಭಯ.

ಹರಳುಗಳು ಇದ್ದದ್ದು ಗೂಡು ಗೂಡಿನ ಒಂದು ಮರದ ಪೆಟ್ಟಿಗೆಯಲ್ಲಿ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹೆಂಡತಿ ಮಾಡಿಟ್ಟ ವ್ಯವಸ್ಥೆ. ಕೆಲವು ಹರಳುಗಳನ್ನು ಯಜಮಾನರು ಬಣ್ಣದ ಹಂಗಿಲ್ಲದೆಯೇ ಭೂತಗನ್ನಡಿಯಲ್ಲಿ ಗುರುತು ಹಿಡಿಯಬಲ್ಲರು. ಆದರೆ ಅವರ ಎಲೆಗಳಿಗೆ ಹೆಚ್ಚಾಗಿ ಬಳಸುವ ಟೂರ್ಮಲಿನ್ ಎಂಬ ಹರಳು ಕೆಂಪೂ ಇರುತ್ತದೆ, ಹಸಿರೂ ಇರುತ್ತದೆ, ಉಳಿದದ್ದೆಲ್ಲ ಒಂದೇ. ಅಲ್ಲಿ ಭೂತಗನ್ನಡಿಯ ಆಟ ನಡೆಯುವುದಿಲ್ಲ. ಎಡ, ಬಲ ಅನ್ನುವುದೊಂದೇ ಅವರ ಆಧಾರ.

ಅದೂ ಹೋಯಿತು. ಹೆಂಡತಿಯ ತಂಗಿ, ಊರಿನ ಆಚೆ ಬದಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಕ್ಕ ಹೋದ ಹೊಸದರಲ್ಲಿ ಭಾವನ ಕೈಗೆ ಆಸರೆಯಾಗಲೆಂದು ಬಂದು ಹೋಗಿ ಮಾಡುತ್ತಿದ್ದಳು. ಒಂದು ದಿನ ಧೂಳು ಒರೆಸುವಾಗ ಆ ಪೆಟ್ಟಿಗೆ ಕೈ ಜಾರಿ ಬಿತ್ತು. ಹರಳುಗಳು ನೆಲದ ತುಂಬ ಚೆಲ್ಲಾಪಿಲ್ಲಿ. ಪಾಪ, ಅವಳು ಮೊಣಕಾಲೂರಿ ಮೂಲೆ ಮೂಲೆ ಹುಡುಕಿ ಒಂದನ್ನೂ ಬಿಡದೆ ಹೆಕ್ಕಿ, ಎಲ್ಲವನ್ನೂ ಒಂದು ಬಟ್ಟಲಿಗೆ ಹಾಕಿ ಮೇಜಿನ ಮೇಲಿಟ್ಟಳು. ಬಣ್ಣ ನೋಡಿ ಬೇರೆ ಮಾಡಿಕೊಳ್ಳಿ ಭಾವ, ಎರಡು ನಿಮಿಷದ ಕೆಲಸ ಅಂದಳು.

ಯಜಮಾನರ ಕೂಗಾಟ ಗೋಡೆ ದಾಟಿ ನನ್ನ ಅಂಗಡಿಗೆ ಕೇಳಿಸಿತು. ಅಕ್ಕನ ವಸ್ತು ಮುಟ್ಟಲು ನೀನು ಯಾರು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದೆಲ್ಲ. ಆ ಹುಡುಗಿ, ಹುಡುಗಿ ಏನು, ಅವಳಿಗೂ ತಲೆ ನರೆತಿದೆ, ಚೀಲ ಹೆಗಲಿಗೇರಿಸಿಕೊಂಡು ಸೀದಾ ಹೊರಟುಹೋದಳು. ಮುಟ್ಟಿದ್ದಕ್ಕೆ ಇಷ್ಟು ರಂಪವೇ ಎಂದು ನನಗೂ ಅನಿಸಿತು. ಕೂಗಿದವರಿಗಾದರೂ ಕಾರಣ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅವತ್ತಿನಿಂದ ಆ ಮನೆಗೆ ಬರುವವರು ಯಾರೂ ಇಲ್ಲವಾದರು.

ಎಲೆ ಉದುರುವ ಕಾಲ ಬಂತು. ಹೇಳುವವರಿಲ್ಲದ್ದರಿಂದ ಯಜಮಾನರಿಗೆ ಅದು ತಿಳಿದದ್ದು ಬಾಗಿಲಲ್ಲಿ ಎಲೆ ರಾಶಿ ಬಿದ್ದಾಗಲೇ. ಅದೃಷ್ಟಕ್ಕೆ ಆ ಸಲದ ಸರಕ್ಕೆ ಬೇಕಾದ ಹರಳುಗಳನ್ನು ಹೆಂಡತಿ ಆಸ್ಪತ್ರೆಗೆ ಹೋಗುವ ಮೊದಲೇ ಆರಿಸಿ, ಮೇಣದ ತಟ್ಟೆಯೊಂದರಲ್ಲಿ ಸಾಲಾಗಿ ಒತ್ತಿ ಕಪಾಟಿನಲ್ಲಿಟ್ಟಿದ್ದರು. ಎಲ್ಲವೂ ಕೆಂಪು. ಯಜಮಾನರು ಬೆಳ್ಳಿ ಎಲೆಗಳನ್ನು ಬಡಿದು, ಬೆಸುಗೆ ಹಾಕಿ, ಪ್ರತಿ ಎಲೆಯ ತೊಟ್ಟಿಗೂ ಒಂದೊಂದು ಹರಳು ಕೂರಿಸಿದರು. ಬೇಗ ಮುಗಿಯದಿರಲಿ ಎಂದು ನಿಧಾನವಾಗಿ ಕೂರಿಸಿದರು. ಆಕೆಯ ಕೈ ಆರಿಸಿದ ಹರಳು ಇನ್ನು ಸಿಗುವುದಿಲ್ಲವಲ್ಲ. ಕೊನೆಯದನ್ನು ಕೂರಿಸುವಾಗ ಒತ್ತಡ ಹೆಚ್ಚಾಗಿ, ಹರಳು ಚಟ್ಟೆಂದು ಸೀಳಿತು.

ಒಂದು ಎಲೆ ಬೋಳಾಗಿ ಉಳಿಯಿತು. ಆ ಕಲಸಿಹೋದ ಬಟ್ಟಲನ್ನು ಮುಂದಿಟ್ಟುಕೊಂಡು, ಒಂದೊಂದೇ ಹರಳನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಎಲ್ಲವೂ ಒಣಮಣ್ಣು. ಕೊನೆಗೆ ಅಳತೆ ಸರಿಹೋದದ್ದೊಂದನ್ನು ಕೂರಿಸಿ, ಆದದ್ದಾಗಲಿ ಎಂದು ಸರವನ್ನು ಗಾಜಿನ ಕಪಾಟಿಗೆ ಹಾಕಿದರು. ಅದು ತಪ್ಪಿದ್ದರೆ ಮೊದಲು ಬಂದ ಗಿರಾಕಿಗೇ ಗುಟ್ಟು ತಿಳಿಯುತ್ತದೆಂದು ಅವರಿಗೆ ಗೊತ್ತಿತ್ತು.

ಮೊದಲು ಬಂದದ್ದು ಶಾಲೆಯಲ್ಲಿ ಹಾಡು ಕಲಿಸುವ ಟೀಚರು. ಸರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಎಷ್ಟು ಚೆನ್ನಾಗಿ ಯೋಚಿಸಿದ್ದೀರಿ, ಎಲ್ಲ ಎಲೆಯೂ ಕೆಂಪಾಗಿದೆ, ಒಂದು ಮಾತ್ರ ಇನ್ನೂ ಹಸಿರಾಗಿಯೇ ಉಳಿದಿದೆ, ನೋಡಿದರೆ ಕರುಳು ಚುರ್ ಅನ್ನುತ್ತದೆ ಎಂದರು. ಯಜಮಾನರು, ಬೇಕಂತಲೇ ಇಟ್ಟದ್ದು ಎಂದುಬಿಟ್ಟರು.

ಆ ಸಂಜೆ ಅಂಗಡಿಯಲ್ಲಿ ಅವರು ಖುಷಿಯಾಗಿರಬೇಕಿತ್ತು. ಗುಟ್ಟು ಉಳಿಯಿತು, ಸರ ಮಾರಿಹೋಯಿತು, ಹೊಗಳಿಕೆಯೂ ಬಂತು. ಆದರೆ ಅವರಿಗೆ ಎಂದೂ ಇಲ್ಲದಷ್ಟು ಒಂಟಿ ಅನಿಸಿತಂತೆ. ಇದು ತಪ್ಪು, ತೆಗೆದು ಬೇರೆ ಹಾಕಿ ಎನ್ನುವವಳು ಒಬ್ಬಳಿದ್ದಳು. ಈಗ ತಾನು ಏನು ಮಾಡಿದರೂ ಸರಿ ಅನ್ನುವ ಜನ ಮಾತ್ರ ಉಳಿದಿದ್ದಾರೆ ಎಂದು ಆ ಖಾಲಿ ಸ್ಟೂಲು ನೋಡುತ್ತ ಕೂತರಂತೆ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಟೀಚರು ಮರುವಾರ ತಮ್ಮ ಗೆಳತಿಯರನ್ನು ಕಟ್ಟಿಕೊಂಡು ಬಂದರು. ಎಲ್ಲರಿಗೂ ಅದೇ ಥರದ ಸರ ಬೇಕು, ಎಲ್ಲದರಲ್ಲೂ ಒಂದೇ ಒಂದು ಹಸಿರು ಎಲೆ ಇರಬೇಕು. ಇಲ್ಲ ಎನ್ನಲು ಕಾರಣ ಹೇಳಬೇಕು. ಯಜಮಾನರು ಹೂಂ ಅಂದರು. ನೋಡಿ ಫಜೀತಿ, ಕಣ್ಣು ಕಾಣದೆ ಮಾಡಿದ ತಪ್ಪನ್ನು ಈಗ ಕಣ್ಣಿಟ್ಟು ನೋಡಿ ಮಾಡಬೇಕು.

ಎಲೆಗಳೆಲ್ಲ ತಯಾರಾದವು, ತೊಟ್ಟುಗಳಲ್ಲಿ ಹರಳು ಕೂರುವ ಜಾಗ ಮಾತ್ರ ಖಾಲಿ. ಹರಳಿನ ವ್ಯಾಪಾರಿಯನ್ನು ಕೇಳೋಣವೆಂದರೆ ಅವನು ಬಾಯಿಬಡುಕ. ಒಂದು ಮಧ್ಯಾಹ್ನ ಕಾಗದದಲ್ಲಿ ಎರಡು ಹರಳು ಸುತ್ತಿಕೊಂಡು ನನ್ನ ಹತ್ತಿರ ಬಂದರು. ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದರು. ಎರಡೂ ಚೆನ್ನಾಗಿವೆ ಎಂದೆ. ಕಾಗದ ಮಡಚಿಕೊಂಡು ಹೋದರು. ಕೇಳಬೇಕಾದ್ದನ್ನು ನೆಟ್ಟಗೆ ಕೇಳದಿದ್ದರೆ ಬೈಂಡು ಹಾಕುವವನಿಗೆ ಏನು ಕನಸು ಬೀಳುತ್ತದೆಯೇ?

ಕೊನೆಗೆ, ಬೇರೆ ದಾರಿ ಕಾಣದೆ, ಹರಳುಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿ ನಾದಿನಿ ಕೆಲಸ ಮಾಡುವ ಅಂಗಡಿಗೆ ಹೋದರು. ಅವಳು ಇಸ್ತ್ರಿ ಹಾಕುತ್ತಿದ್ದಳು. ಕೂತುಕೊಳ್ಳಿ ಅನ್ನಲಿಲ್ಲ. ಯಜಮಾನರು ಮೇಜಿನ ಬಿಳಿ ಬಟ್ಟೆಯ ಮೇಲೆ ಡಬ್ಬಿ ಇಟ್ಟು, ಇವನ್ನು ಬಣ್ಣ ನೋಡಿ ಬೇರೆ ಮಾಡಿಕೊಡು ಎಂದರು.

"ಎರಡು ನಿಮಿಷದ ಕೆಲಸ. ನೀವೇ ಮಾಡ್ಕೊಳ್ಳಿ" ಎಂದಳು ನಾದಿನಿ, ತಲೆ ಎತ್ತದೆ.

"ನಂಗೆ ಕಾಣಲ್ಲ ಕಣಮ್ಮ. ಕೆಂಪು, ಹಸಿರು ಎರಡೂ ನಂಗೆ ಒಂದೇ. ಯಾವತ್ತೂ ಕಂಡಿಲ್ಲ. ನಿಮ್ಮಕ್ಕನೇ ಆರಿಸಿ ಕೊಡ್ತಿದ್ಲು."

ಇಸ್ತ್ರಿಪೆಟ್ಟಿಗೆ ನಿಂತಿತು. ಅವಳು ಅದನ್ನು ಪಕ್ಕಕ್ಕೆ ಎತ್ತಿಟ್ಟು ಭಾವನ ಮುಖ ನೋಡಿದಳು. ಅಲ್ಲಿಂದ ಅವಳ ಕಣ್ಣು ಕಿರುಬೆರಳಿಗೆ ಇಳಿಯಿತು.

"ಅದಕ್ಕೇನಾ ಆ ಉಂಗುರ" ಎಂದಳು.

ಯಜಮಾನರಿಗೆ ಅರ್ಥವಾಗಲಿಲ್ಲ.

"ಮದುವೆ ಆದ ಮಾರನೇ ದಿನ ಅಕ್ಕ ನಮ್ಮನ್ನೆಲ್ಲ ಕೂರಿಸ್ಕೊಂಡು ಹೇಳಿದ್ಲು. ನಿಮ್ಮ ಭಾವನ ಮುಂದೆ ಈ ಹರಳು ಕೆಂಪು. ಯಾರಾದ್ರೂ ಹಸಿರು ಅಂದ್ರೆ ನಾನು ಅವರ ಹತ್ರ ಮಾತೇ ಆಡಲ್ಲ ಅಂತ. ನಾನು ಅದೇನೋ ನಿಮ್ಮಿಬ್ಬರ ತಮಾಷೆ ಅನ್ಕೊಂಡಿದ್ದೆ ಭಾವ. ಅಪ್ಪ ಸಾಯೋವರೆಗೂ ಕೆಂಪು ಅಂತಲೇ ಅಂದ್ರು."

ಯಜಮಾನರು ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ಕಾಣುವುದೇನಿದೆ, ಅದೇ ಒಣಮಣ್ಣು.

"ಎಂಥ ಹಸಿರು?" ಎಂದು ಕೇಳಿದರು.

"ಒಳ್ಳೇ ಹಸಿರು. ಆಗ ತಾನೆ ಚಿಗುರಿದ ಎಲೆ ಇರುತ್ತಲ್ಲ, ಹಾಗೆ."

ತಾವು ಕಣ್ಣಿನ ವಿಷಯ ಹೇಳಿದ ದಿನ ಆಕೆ ಯಾಕೆ ಬೆಚ್ಚಲಿಲ್ಲ ಎಂಬುದು ಯಜಮಾನರಿಗೆ ಆಗ ಹೊಳೆಯಿತು. ಆಕೆಗೆ ಮೊದಲ ದಿನದಿಂದಲೇ ಗೊತ್ತಿತ್ತು. ಪ್ರತಿ ಹರಳಿಗೂ ಸರಿ, ತಪ್ಪು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದವಳು ಆ ಒಂದಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು, ಮನೆಯವರ ಬಾಯಿಗೂ ಹಾಕಿಸಿದ್ದಳು. ನಾದಿನಿ ಬಿಳಿ ಬಟ್ಟೆಯ ಮೇಲೆ ಹರಳುಗಳನ್ನು ಹರವಿ ಬೇರೆ ಮಾಡತೊಡಗಿದಳು. ನಿಜಕ್ಕೂ ಎರಡೇ ನಿಮಿಷ ಹಿಡಿಯಿತು.

ಮನೆಗೆ ಬಂದ ಮೇಲೆ ಯಜಮಾನರಿಗೆ ಹೆಂಡತಿಯ ಮೇಲೆ ಸಿಟ್ಟು ಉಕ್ಕಿತಂತೆ. ನನ್ನನ್ನು ಪೆದ್ದನ ಹಾಗೆ ಆಡಿಸಿದೆಯಲ್ಲ ಎಂದು ಜಗಳ ಆಡಬೇಕು, ಆಕೆ ನಕ್ಕು ಇನ್ನೂ ಸಿಟ್ಟು ಬರಿಸಬೇಕು ಅನಿಸಿತಂತೆ. ಮೆಟ್ಟಿಲು ಹತ್ತಿ ಮೇಲೆ ಹೋದರು, ಕೋಣೆಗಳನ್ನು ನೋಡಿದರು, ಇಳಿದು ಬಂದರು. ಜಗಳಕ್ಕೂ ಒಬ್ಬರು ಬೇಕು. ಅವತ್ತು ಅವರು ಅತ್ತದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ಆಕೆ ಸತ್ತ ದಿನವೂ ಕೇಳಿಸಿರಲಿಲ್ಲ.

ಸರಗಳನ್ನು ಕೊಡುವಾಗ ಯಜಮಾನರು ಟೀಚರಿಗೆ ನಿಜ ಹೇಳಿದರು, ಆಮೇಲೆ ನನಗೂ ಉಂಗುರದವರೆಗೆ ಎಲ್ಲ ಹೇಳಿದರು. ಒಬ್ಬರೂ ಸರ ವಾಪಸು ಮಾಡಲಿಲ್ಲ. ಅಂಗಡಿ ನಡೆದಿದೆ. ರಜೆಯ ದಿನ ನಾದಿನಿ ಬರುತ್ತಾಳೆ, ಹರಳು ಆರಿಸಿ, ಹೊತ್ತು ಇಳಿಯುವ ಮೊದಲು ಬಸ್ಸಿಗೆ ಹೋಗುತ್ತಾಳೆ. ಆ ಸ್ಟೂಲಿನಲ್ಲಿ ಕೂರುವುದಿಲ್ಲ, ತನಗೊಂದು ಕುರ್ಚಿ ತಂದಿಟ್ಟುಕೊಂಡಿದ್ದಾಳೆ. ಉಳಿದ ದಿನಗಳಲ್ಲಿ ಯಜಮಾನರು ಒಬ್ಬರೇ.

ಮೊನ್ನೆ ನಾನು ಅಲ್ಲೇ ನಿಂತಿದ್ದೆ. ಹೊಸ ಗಿರಾಕಿಯೊಬ್ಬರು ಯಜಮಾನರ ಕಿರುಬೆರಳು ನೋಡಿ, ಆ ಹಸಿರು ಹರಳಿನ ಉಂಗುರ ತುಂಬ ಚೆನ್ನಾಗಿದೆ, ಅಂಥದ್ದೇ ಒಂದು ಮಾಡಿಕೊಡುತ್ತೀರಾ ಎಂದು ಕೇಳಿದರು.

"ಅದು ಕೆಂಪು" ಎಂದಳು ನಾದಿನಿ, ಹರಳಿನಿಂದ ಕಣ್ಣು ತೆಗೆಯದೆ.

ಗಿರಾಕಿ ನನ್ನ ಮುಖ ನೋಡಿದರು. ನಾನೂ ಕೆಂಪು ಎಂದೆ. ಯಜಮಾನರು ಬಗ್ಗಿ, ಮೇಜಿನ ಮೇಲೆ ಇಲ್ಲದ ಬೆಳ್ಳಿಪುಡಿಯನ್ನು ಊದತೊಡಗಿದರು.