ದೊಡ್ಡಮ್ಮ ಇಟ್ಟ ಚೊಂಬು

ಇವತ್ತು ದೊಡ್ಡಮ್ಮನ ಊರು ಶಿವನಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿನ ಚೀಲದಿಂದ ಹರಳೆಣ್ಣೆ ವಾಸನೆ ಬರುತ್ತಿತ್ತು. ನಿಮಗಾದರೆ ಅದು ಬರೀ ಎಣ್ಣೆ. ನನ್ನ ಹೊಟ್ಟೆಗೆ ಅದು ಹಳೇ ನೆಂಟ. ಹೊಟ್ಟೆಯ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ನನಗೆ ಕೊರೊನಾ ಬಂದಾಗ ಶಿವನಿಯಲ್ಲಿ ದೊಡ್ಡಮ್ಮನ ಮನೆಯಲ್ಲೇ ಮಲಗಿದ್ದೆ. ಜ್ವರದಲ್ಲಿ ಹಗಲೂ ಕನಸಿನ ಹಾಗೇ ಇತ್ತು. ತೆಂಗಿನ ಗರಿಗಳ ನೆರಳು ಗೋಡೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಮನೆಯ ಹಿಂದೆ ಗೂಡ್ಸ್ ರೈಲು ಹೋದಾಗಲೆಲ್ಲ ಮಂಚವೂ ನಾನೂ ಅದರ ಜೊತೆ ಎಲ್ಲಿಗೋ ಹೊರಟಂತೆ ಅನ್ನಿಸುತ್ತಿತ್ತು; ಎಲ್ಲಿಗೆಂಬ ಚಿಂತೆ ಇರಲಿಲ್ಲ. ಕೊನೆಗೆ ಜ್ವರ ಬಿಟ್ಟಿತು, ಕೆಮ್ಮು ಇಳಿಯಿತು. ಗೆದ್ದೆನೆಂದು ಎರಡು ಮುದ್ದೆ ಮುರಿದ ಧೀರ ನಾನು.

ಮರುದಿನ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಒತ್ತಿದರೆ ಹೊಟ್ಟೆ ಮೆತ್ತಗೇ ಇದೆ, ಒಳಗೆ ಮಾತ್ರ ಯಾರೋ ಹಿಂಡುತ್ತಿದ್ದಾರೆ.

"ಬಟ್ಟಿ ಜಾರೈತೆ ಕಣೋ. ಕೆಮ್ಮಿ ಕೆಮ್ಮಿ ಹಂಗಾಗೈತೆ," ಎಂದಳು ದೊಡ್ಡಮ್ಮ.

ಹೊಕ್ಕುಳು ಜಾಗ ತಪ್ಪಿದೆ ಅನ್ನುವುದಕ್ಕೆ ನಮ್ಮ ಕಡೆ ಹೀಗೆ ಹೇಳುತ್ತಾರೆ. ಅದನ್ನು ಕೂರಿಸುವುದರಲ್ಲಿ ದೊಡ್ಡಮ್ಮನ ಕೈ ಹೆಸರುವಾಸಿ. ಹರಳೆಣ್ಣೆ ಹಚ್ಚಿ ನೀವಿದಳು, ಹೊಕ್ಕುಳ ಮೇಲೆ ಪುಟ್ಟ ದೀಪ ಹಚ್ಚಿಟ್ಟು ಚೊಂಬು ಬೋರಲು ಹಾಕಿದಳು. ದೀಪ ಆರಿ, ಚೊಂಬು ಹೊಟ್ಟೆಗೆ ಗಟ್ಟಿಯಾಗಿ ಅಂಟಿತು.

"ಹಿಡ್ಕೊಂತು ನೋಡು! ಸಂಜೆಗೆ ಎದ್ದು ಓಡಾಡ್ತೀಯ."

ನಾನೂ ನಂಬಿ ಕಣ್ಣು ಮುಚ್ಚಿದೆ.

ಸಂಜೆಗೆ ಮಲದಲ್ಲಿ ರಕ್ತ ಬಂತು. "ಸಾಕು ಅತ್ತೆ, ಕಾರ್ ಹೇಳ್ತೀನಿ," ಎಂದು ನನ್ನ ಹೆಂಡತಿ ಎದ್ದೇಬಿಟ್ಟಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಅವಳಿಗೆ ಹೇಳಿದ್ದು ಅರೆಮಂಪರಿನಲ್ಲಿ ನನಗೂ ಕೇಳಿಸಿತು. "ಕೊರೊನಾನ ಶ್ವಾಸಕೋಶದ ಕಾಯಿಲೆ ಅಂತೀವಿ, ಆದ್ರೆ ಇದು ರಕ್ತನೂ ಹೆಪ್ಪುಗಟ್ಸುತ್ತೆ. ಕರುಳಿಗೆ ಹೋಗೋ ರಕ್ತನಾಳ ಕಟ್ಕೊಂಡಿದೆ. ಒಂದಷ್ಟು ಕರುಳು ಸತ್ತಿದೆ, ಕತ್ತರಿಸಿ ತೆಗೀಬೇಕು. ಉಳೀತಾರೆ ಅಂತ ಮಾತು ಕೊಡಕ್ಕಾಗಲ್ಲ."

ಉಳಿದೆ. ಸ್ವಲ್ಪ ಕರುಳು ಕಮ್ಮಿ, ಅಷ್ಟೇ. ಆದರೆ ದೊಡ್ಡಮ್ಮ ಅಂದಿನಿಂದ ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ನಾನು ಹೋದರೆ ಊಟ ಬಡಿಸುವಳು, ಮುಖ ಮಾತ್ರ ನೋಡುತ್ತಿರಲಿಲ್ಲ. "ಹಗಲೆಲ್ಲ ಮನೇಲೇ ಮಲಗಿಸ್ಕೊಂಡು ಮಗನ್ನ ಕೊಲ್ಲಕ್ಕೆ ಹೋಗಿದ್ದೆ," ಎಂದು ನನ್ನ ಹೆಂಡತಿಯ ಮುಂದೆ ಅತ್ತಳಂತೆ. ಅಯ್ಯೋ, ನನಗೆ ಅವಳ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ. ಆ ನೋವಿನಲ್ಲಿ ಹಿತವಾಗಿದ್ದದ್ದು ಅವಳ ಕೈಯೊಂದೇ. ಎದುರಿಗೆ ಹೇಳಲು ನಾಲಗೆ ಏಳುತ್ತಿರಲಿಲ್ಲ.

ಇವತ್ತು ಬಸ್ಸಿಳಿದವನು ನೇರ ಅವಳ ಅಡುಗೆಮನೆಗೆ ಹೋಗಿ ಅಂಗಿ ಎತ್ತಿದೆ. "ದೊಡ್ಡಮ್ಮಾ, ಹೊಲಿಗೆ ಹಾಕಿದ್ ಜಾಗ ಬಿಗೀತೈತೆ, ಒಸಿ ನೀವಿಕೊಡು."

"ನಾನು ಮುಟ್ಟಾಕಿಲ್ಲ ಕಣಪ್ಪಾ. ಡಾಕ್ಟ್ರಿಗೆ ತೋರ್ಸು."

"ತೋರ್ಸಿದ್ದಾಯ್ತು. ಎಲ್ಲಾ ಸರಿಯಾಗೈತಂತೆ. ನಂಗೆ ನಿನ್ ಕೈ ಬೇಕು."

ಒಲೆಯ ಉರಿ ತಗ್ಗಿಸಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಗಾಯದ ಗುರುತಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಅಂಗೈ ಆಡಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಾಗೇ ತಲೆ ಎತ್ತಿ, ನನ್ನ ಮುಖವನ್ನೇ ನೋಡುತ್ತಾ ಬೈದಳು:

"ಪಕ್ಕೆ ಎಲುಬೆಲ್ಲ ಕಾಣ್ತದಲ್ಲೋ ಮುಂಡೇದೆ, ನೆಟ್ಟಗೆ ಊಟ ಮಾಡಾಕಿಲ್ವಾ?"