ವಾಡೆಯ ಅಂಗಳದ ಕರಕಿ

ಪುಣೆಯ ಶನಿವಾರವಾಡೆಯ ದಿಲ್ಲಿ ದರವಾಜೆಗೆ, ಆನೆಗಳು ಹಣೆ ಕೊಟ್ಟು ನೂಕದಿರಲೆಂದು, ಉದ್ದುದ್ದ ಚೂಪು ಮೊಳೆಗಳನ್ನು ಹೊಡೆದಿದ್ದಾರೆ. 1927ರ ಬೇಸಗೆಯ ಕೊನೆಗೆ ಶಿವಬಸವ್ವ ಕೂಲಿ ಕೇಳಲು ಬಂದವಳು ಆ ಬಾಗಿಲ ಮೊಳೆಗಳನ್ನು ಕತ್ತೆತ್ತಿ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಗಂಡನಿಗೆ, "ಇಷ್ಟು ಕಬ್ಬಣ ಇದ್ರ ನಮ್ಮೂರ ಬಂಡಿಗಾಲಿಗೆಲ್ಲಾ ಪಟ್ಟಾ ಹೊಡಸಬಹುದಿತ್ತು ನೋಡ್ರಿ" ಅಂದಳು. ನಿಜಲಿಂಗಪ್ಪ ನಕ್ಕ. ಪುಣೆಗೆ ಬಂದ ಎರಡು ತಿಂಗಳಲ್ಲಿ ಅವನು ನಕ್ಕಿದ್ದು ಅಪರೂಪ.

ಅವರು ಬೈಲಹೊಂಗಲದ ಆಚೆಯ ಹಳ್ಳಿಯವರು. ನಿಜಲಿಂಗಪ್ಪನ ಅಣ್ಣ ನಾನಾ ಪೇಠೆಯಲ್ಲಿ ಕನ್ನಡದ ವ್ಯಾಪಾರಿಯೊಬ್ಬರ ಕಾಳಿನ ಅಂಗಡಿಯಲ್ಲಿದ್ದ. ತಮ್ಮನಿಗೂ ಅಲ್ಲೇ ಚೀಲ ಹೊರುವ ಕೆಲಸ ಕೊಡಿಸಿದ್ದ. ಗಂಡಹೆಂಡತಿ ಇದ್ದದ್ದು ಆ ಅಣ್ಣನ ಒಂದೇ ಕೋಣೆಯ ಮನೆಯಲ್ಲಿ. ಅಣ್ಣನ ಹೆಂಡತಿ ಕಲ್ಲವ್ವ ಕೆಟ್ಟವಳಲ್ಲ. ಆದರೆ ಒಂದು ಕೋಣೆ, ಒಂದು ಒಲೆ, ಅವಳವೇ ನಾಲ್ಕು ಮಕ್ಕಳು. ಶಿವಬಸವ್ವ ರೊಟ್ಟಿ ಬಡಿಯಲು ಕೂತರೆ, "ಸಾವಕಾಶ ಬಡಿ ಯವ್ವಾ, ನನ್ನ ಪಾಳಿ ಸಂಜಿಗೆ ಬರಲಿ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆ ನಗೆಯೇ ಹೆಚ್ಚು ಚುಚ್ಚುತ್ತಿತ್ತು.

ವಾಡೆಯ ಕೂಲಿಯಲ್ಲಿ ಶಿವಬಸವ್ವನನ್ನು ಸೆಳೆದದ್ದು ಒಂದೇ ಸಂಗತಿ. ಅಲ್ಲಿ ಕಾಯಂ ಆದ ತೋಟದಾಳುಗಳಿಗೆ ಹಿಂದಿನ ಗೋಡೆಯ ಹೊರಗೆ ಇರಲು ಒಂದೊಂದು ಖೋಲಿ ಕೊಡುತ್ತಿದ್ದರು. ನಾಲ್ಕು ಖೋಲಿಗಳಲ್ಲಿ ಕೊನೆಯದು ಖಾಲಿಯಿತ್ತು. ಬಾಗಿಲ ಸಂದಿಯಿಂದ ಅವಳು ಇಣುಕಿ ನೋಡಿಬಿಟ್ಟಿದ್ದಳು: ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಹೊಗೆ ಹೋಗಲು ಒಂದು ಕಿಂಡಿ. ಅಷ್ಟು ಸಾಕಿತ್ತು.

ಪೇಶವೆಯವರ ಆ ಅರಮನೆ ಬೆಂಕಿಗೆ ಸುಟ್ಟುಹೋಗಿ ನೂರು ವರ್ಷವಾಗುತ್ತ ಬಂದಿತ್ತು. ಉಳಿದದ್ದು ಸುತ್ತಲಿನ ಗೋಡೆ, ಬುರುಜು, ಬಾಗಿಲುಗಳು. ಕೆಲವು ವರ್ಷಗಳ ಹಿಂದೆ ಸರ್ಕಾರದವರು ಒಳಗಿನ ಮಣ್ಣು ತೆಗೆಸಿದಾಗ ಅರಮನೆಯ ತಳಪಾಯವೆಲ್ಲ ಹೊರಬಿದ್ದಿತ್ತು. ಕಾರಂಜಿಯ ಕಲ್ಲಿನ ತೊಟ್ಟಿಗಳು, ನೀರಿನ ಕಾಲುವೆಗಳು, ಯಾರುಯಾರೋ ಕೂತು ದರ್ಬಾರು ನಡೆಸಿದ ಜಗಲಿಗಳು. ಈಗ ಅದನ್ನು ಜನ ನೋಡುವ ಸ್ಮಾರಕವಾಗಿ ಇಡಬೇಕೆಂದು ನಡುನಡುವಿನ ಅಂಗಳಗಳಲ್ಲಿ ಹುಲ್ಲು ಬೆಳೆಸುತ್ತಿದ್ದರು.

ತೋಟದ ಮುಖ್ಯ ಮಾಳಿ ಪಂಢರಿನಾಥ ಸೊಲ್ಲಾಪುರದ ಕಡೆಯವನು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದ. ಶಿವಬಸವ್ವ ಒಂಬತ್ತು ದಿನ ಅವನ ಕೈಕೆಳಗೆ ಗೊಬ್ಬರ ಹೊತ್ತಳು, ಕಲ್ಲು ಆರಿಸಿದಳು. ಹತ್ತನೆಯ ದಿನ ಬೆಳಿಗ್ಗೆ ಪಂಢರಿನಾಥ ಅವಳ ಕೈಗೆ ಕಳೆ ಕೀಳುವ ಕುರ್ಪಿ ಕೊಟ್ಟು ಕಾರಂಜಿಯ ಪಕ್ಕದ ದೊಡ್ಡ ಅಂಗಳ ತೋರಿಸಿದ.

"ಇದರಾಗ ಬ್ಯಾಡಾದ್ದು ಭಾಳ ಬೆಳದೈತಿ. ಎಲ್ಲಾ ತಗದ ಸ್ವಚ್ಛ ಮಾಡು. ನೀ ಹೊಲದಾಗ ದುಡದಾಕಿ, ನಿನಗ ಹೇಳೂದೇನೈತಿ?"

ಹಾಗೆಂದು ಅವನು ಗೊಬ್ಬರದ ಗಾಡಿ ತರಲು ಹೋದ. ಉಳಿದ ಹೆಂಗಸರು ಆಚೆಯ ಅಂಗಳದಲ್ಲಿದ್ದರು.

ಶಿವಬಸವ್ವ ಕೂತು ನೋಡಿದಳು. ಅಲ್ಲಲ್ಲಿ ಜೇಕು, ಒಂದಿಷ್ಟು ಅಕ್ಕರಿಕೆ, ಇಂಥ ಸಣ್ಣ ಕಳೆ. ಅವು ಹೋಗಲಿ. ಅಂಗಳದ ತುಂಬ ಹಬ್ಬಿದ್ದದ್ದು ಕರಕಿ!

ಗರಿಕೆ ಎಂದು ಬೇರೆ ಕಡೆಯವರು ಕರೆಯುವ ಈ ಹುಲ್ಲಿಗೆ ಎರೆಹೊಲದ ಒಕ್ಕಲಿಗರು ಹೆದರುವಷ್ಟು ಹಾವಿಗೂ ಹೆದರುವುದಿಲ್ಲ. ಒಮ್ಮೆ ಹೊಕ್ಕಿತೆಂದರೆ ಜೋಳ ಮೇಲೇಳುವುದಿಲ್ಲ. ಅದರ ಬೇರು ತೋಳುದ್ದ ಕೆಳಗಿಳಿಯುತ್ತದೆ. ಬೇಸಗೆಯ ಬಿಸಿಲಲ್ಲಿ ಮನೆಮಂದಿಯೆಲ್ಲ ಸೇರಿ ಆಳ ಅಗೆದು, ಹೆಂಟೆ ಒಡೆದು, ಒಂದು ಎಳೆಯೂ ಉಳಿಯದಂತೆ ಆರಿಸಬೇಕು. ಕರಕಿ ಇಟ್ಟುಕೊಂಡ ಹೊಲದವನಿಗೆ ಹೆಣ್ಣು ಕೊಡಲು ಅವಳ ಅಪ್ಪ ಎರಡು ಸಲ ಯೋಚಿಸುತ್ತಿದ್ದ. ಇಂಥ ಕೆಲಸ ತೋರಿಸಿ ಹೋದ ಮಾಳಿಯ ಮುಂದೆ ತನ್ನ ಕೈ ಎಂಥದ್ದೆಂದು ತೋರಿಸಿಕೊಡುವ ದಿನ ಬಂತೆಂದು ಶಿವಬಸವ್ವ ಸೀರೆಯ ಕಚ್ಚೆ ಬಿಗಿದಳು.

ಆರಿದ್ರಾ ಮಳೆ ಬಿದ್ದು ಮಣ್ಣು ಮೆದುವಾಗಿತ್ತು, ಬೇರು ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಅವಳು ತಲೆಯೆತ್ತಲಿಲ್ಲ. ಕಿತ್ತದ್ದನ್ನು ಮಣ್ಣ ಮೇಲೆ ಬಿಟ್ಟರೆ ಮತ್ತೆ ಚಿಗುರುತ್ತದೆಂದು ಊರಿನ ರೂಢಿಯಂತೆ ಕಲ್ಲಿನ ಜಗಲಿಯ ಮೇಲೆ ಒಟ್ಟಿದಳು. ಹೊತ್ತು ನೆತ್ತಿಗೇರುವುದರೊಳಗೆ ದೊಡ್ಡ ಅಂಗಳ ಬಿತ್ತಲು ಸಜ್ಜಾದ ಹೊಲದಂತೆ ಕರ್ರಗೆ ಕಾಣುತ್ತಿತ್ತು.

ಮೊದಲು ನೋಡಿದವಳು ಆಚೆಯ ಅಂಗಳದಿಂದ ಬಂದ ಕೂಲಿಯವಳು ರಂಗೂಬಾಯಿ. ವಾಡೆಯಲ್ಲಿ ಹತ್ತು ಮಂದಿಯ ಮಾತನ್ನು ತಾನೊಬ್ಬಳೇ ಆಡುವ ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಿಂತಳು. "ಅಗ ಬಾಯಿ! ಗಣಪತಿಯ ದೂರ್ವೆ ಎಲ್ಲಾ ಕಿತ್ತಿ! ಮ್ಯಾಲಿನ ಇಂದ್ರನ ಅಂಗಳಾ ಬಿಟ್ಟಿಯೋ, ಅದನ್ನೂ ಬೋಳಿಸಿ ಬಂದಿಯೋ?"

ಅವಳ ಹಿಂದೆಯೇ ಪಂಢರಿನಾಥ ಬಂದ. ಕಾರಂಜಿಯ ಕಟ್ಟೆಯ ಮೇಲೆ ಕೂತು ತಲೆಯ ಪಗಡಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೋದ ವರ್ಷ ಅವನೇ ಒಂದೊಂದೇ ಕಡ್ಡಿ ಊರಿ, ಬೇಸಗೆಯೆಲ್ಲ ನೀರುಣಿಸಿ ಬೆಳೆಸಿದ ಹುಲ್ಲು ಅದು.

"ಹುಲ್ಲು ಬೇಕಂತ ಯಾರರ ಬೆಳಸ್ತಾರೇನ್ರಿ ಅಣ್ಣಾ? ಅದೂ ಕರಕಿ?" ಶಿವಬಸವ್ವನ ದನಿ ಸಣ್ಣದಾಯಿತು.

ಸುದ್ದಿ ಮುಟ್ಟಿ ಮೇಲ್ವಿಚಾರಕರು ಕೊಡೆ ಊರುತ್ತ ಬಂದರು. ಅವಧೂತರಾಯರೆಂದು ಅವರ ಹೆಸರು. ಧಾರವಾಡದವರು, ಕೋಪ ಬಂದಾಗ ಮಾತ್ರ ಅವರ ಕನ್ನಡ ಹೊರಗೆ ಬರುತ್ತಿತ್ತು.

"ಏನ್ ಮಾಡೀದಿ ನೀನು? ನಾಗಪಂಚಮಿ ಆದ ಮರುದಿನ ಮುಂಬೈಯಿಂದ ದೊಡ್ಡ ಸಾಹೇಬ್ರು ನೋಡ್ಲಿಕ್ಕೆ ಬರ್ತಾರ. ಈ ಬೋಳ ಅಂಗಳಾ ತೋರಿಸ್ಲೇನು ಅವರಿಗೆ? ನಾಳಿಂದ ಬರಬ್ಯಾಡ."

ಖೋಲಿಯ ಒಲೆ, ಕಿಂಡಿ ಎರಡೂ ಶಿವಬಸವ್ವನ ಕಣ್ಣ ಮುಂದೆ ಬಂದು ಹೋದವು. ಸಂಜೆ ಕಲ್ಲವ್ವನ ಮುಂದೆ ಏನೆಂದು ಹೇಳುವುದು? ಆದರೆ ಅವಳ ಕಣ್ಣು ಜಗಲಿಯ ಮೇಲಿನ ಕರಕಿಯ ರಾಶಿಯ ಮೇಲೆಯೇ ಇತ್ತು. ಮೋಡದ ದಿನವಾದ್ದರಿಂದ ಒಂದೆಳೆಯೂ ಬಾಡಿರಲಿಲ್ಲ.

"ರಾಯರ, ಒಂದ್ ಮಾತು. ಇದನ್ನ ಕೊಲ್ಲೂದು ಕಷ್ಟರಿ, ಬೆಳಸೂದು ಕಷ್ಟಲ್ಲ. ನಮ್ಮಪ್ಪನ ಹೊಲದಾಗ ಒಬ್ಬ ಆಳು ಕರಕಿ ಆರಸದನ ಕುಂಟಿ ಹೊಡದಿದ್ದ. ಅದು ತುಂಡ್ ತುಂಡಾಗಿ ಹೊಲದ ತುಂಬ ಬಿತ್ತು. ಒಂದ್ ತಿಂಗಳಿಗೆ ಮಣ್ಣ ಕಾಣವಲ್ದಾತು. ನಮ್ಮಪ್ಪ ಅವನ್ನ ಊರಾಗೆಲ್ಲಾ ಅಟ್ಟಿಸಿಕೊಂಡು ಬಡದ. ನಾ ಆ ತಪ್ಪ ಬೇಕಂತ ಮಾಡ್ತೀನ್ರಿ. ಇಪ್ಪತ್ತೊಂದ್ ದಿನ ಕೊಡ್ರಿ. ಹಸರಾಗಲಿಲ್ಲಂದ್ರ ನನ್ನ ಮಾರಿ ತೋರಸೂದಿಲ್ಲ."

ರಾಯರು ಪಂಢರಿನಾಥನ ಕಡೆ ನೋಡಿದರು. ಪಂಢರಿನಾಥ ಪಗಡಿ ಸುತ್ತಿಕೊಳ್ಳುತ್ತ, "ನಾ ಒಂದೊಂದ ಊರಿದ್ರ ದೀಪಾವಳಿ ಬರತೈತಿ ಸಾಹೇಬ. ಇಕಿ ಹೇಳಿದ್ದ ಮಾಡೂಣು. ಹೆಂಗೂ ಕೆಟ್ಟಾಗೇತಿ" ಎಂದ.

"ಇಪ್ಪತ್ತೊಂದ ದಿನಾ. ಇಪ್ಪತ್ತೆರಡನೇ ದಿನಾ ನಾನ ಬಂದು ನೋಡ್ತೀನಿ" ಎಂದು ರಾಯರು ಕೊಡೆ ಊರುತ್ತ ಹೊರಟರು.

ಅಂದೇ ಮಧ್ಯಾಹ್ನ ಕೆಲಸ ಶುರುವಾಯಿತು. ಹೆಂಗಸರು ಸಾಲಾಗಿ ಕೂತು ಕುಡುಗೋಲಿನಿಂದ ಕರಕಿಯನ್ನು ತುಂಡರಿಸಿದರು. ಪ್ರತಿ ತುಂಡಿನಲ್ಲಿ ಎರಡು ಗಿಣ್ಣು ಇರಬೇಕು, ಗಿಣ್ಣಿನಿಂದಲೇ ಬೇರು ಬರುವುದು ಎಂದು ಶಿವಬಸವ್ವ ತಿರುಗಾಡಿ ತೋರಿಸಿದಳು. ತುಂಡುಗಳನ್ನು ಸಗಣಿ ನೀರಿನಲ್ಲಿ ಅದ್ದಿ ಅಂಗಳಕ್ಕೆಲ್ಲ ಬಿತ್ತಿದಂತೆ ಎರಚಿದರು. ಮೇಲೆ ಬೆರಳಷ್ಟು ಸಣ್ಣ ಮಣ್ಣು ಉದುರಿಸಿದರು. ಆಮೇಲೆ ತುಳಿಯಬೇಕಿತ್ತು. ಏಳು ಹೆಂಗಸರು ಕೈ ಕೈ ಹಿಡಿದು ಹೆಜ್ಜೆಗೆ ಹೆಜ್ಜೆ ಒತ್ತಿ ತುಳಿದರು. "ಪೇಶವೆಯವರ ಕಾಲಕ್ಕ ಇಲ್ಲಿ ಕುಣಿಯೋರು ಬ್ಯಾರೆ ಇದ್ರು" ಎಂದು ರಂಗೂಬಾಯಿ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. ಪಂಢರಿನಾಥ ಕೂಡ ನಗೆ ತಡೆಯಲಾರದೆ ಆಚೆ ಮುಖ ಮಾಡಿದ.

ಹುಟ್ಟಿದಾಗಿನಿಂದ ಶಿವಬಸವ್ವ ದೇವರಲ್ಲಿ ಕರಕಿ ಬೆಳೆಯಲಪ್ಪಾ ಎಂದು ಬೇಡಿಕೊಂಡವಳಲ್ಲ. ಈಗ ಬೇಡಿಕೊಂಡಳು.

ಆದರೆ ಮಳೆ ಕೈಕೊಟ್ಟಿತು. ಮೂರನೆಯ ದಿನಕ್ಕೆ ಮೋಡ ಚದುರಿ ಬಿಸಿಲು ಬಿತ್ತು. ಹತ್ತು ದಿನ ಒಂದು ಹನಿ ಬೀಳಲಿಲ್ಲ. ಶಿವಬಸವ್ವ ಎಲ್ಲರಿಗಿಂತ ಮೊದಲು ಬಂದು ಬಾವಿಯಿಂದ ಕೊಡ ಹೊತ್ತು ನೀರು ಚಿಮುಕಿಸಿದಳು. ಅಂಗಡಿಗೆ ಹೋಗುವ ಮುಂಚೆ ನಿಜಲಿಂಗಪ್ಪ ಬಂದು ಇಪ್ಪತ್ತು ಕೊಡ ಹಾಕಿ ಹೋಗುತ್ತಿದ್ದ. ಹನ್ನೊಂದನೆಯ ದಿನ ಕಲ್ಲವ್ವ ಕೇಳಿದಳು: "ಏನ ಶಿವಬಸು, ಊರಾಗ ಕೀಳೂ ಪೀಡಾ ಇಲ್ಲಿ ನೀರ ಹಾಕಿ ಸಾಕತೀಯಂತ?" ಆದರೆ ಮರುದಿನ ನಸುಕಿನಲ್ಲಿ ಅವಳೇ ಎದ್ದು ರೊಟ್ಟಿ ಬಡಿದು ಇಬ್ಬರಿಗೂ ಬುತ್ತಿ ಕಟ್ಟಿಟ್ಟಿದ್ದಳು.

ಹದಿಮೂರನೆಯ ದಿನ ಅಂಗಳದ ತಗ್ಗಿನ ಮೂಲೆಯಲ್ಲಿ ಶಿವಬಸವ್ವ ಮೊಣಕಾಲೂರಿ ಬಗ್ಗಿದಳು. ಸೂಜಿಯ ಮೊನೆಯಂಥ ಹಸುರು. ಒಂದಲ್ಲ, ಹತ್ತಾರು. ಅವಳು ಮೊದಲು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಪಂಢರಿನಾಥನನ್ನು ಕರೆದಳು. ಸಂಜೆ ಮಳೆ ಬಂತು. ಆ ಮಳೆ ವಾರವಿಡೀ ನಿಲ್ಲಲಿಲ್ಲ.

ಇಪ್ಪತ್ತೆರಡನೆಯ ದಿನ ರಾಯರು ಬಂದಾಗ ಅಂಗಳ ತುಂಬ ಹಸುರಿತ್ತು. ಕಾರಂಜಿಯ ಬದಿಗೆ ಮಾತ್ರ ಎರಡು ಕಡೆ ಬೋಳು ಉಳಿದಿತ್ತು. ರಾಯರು ಕೊಡೆಯ ತುದಿಯಿಂದ ಅದನ್ನು ತೋರಿಸಿದರು. "ಇದು?"

"ಅಲ್ಲಿ ಕೆಳಗ ಹಾಸಗಲ್ಲ ಐತ್ರಿ. ಪಂಚಮಿಯೊಳಗ ಸುತ್ತಲಿಂದ ಅದ ಹಬ್ಬಿಕೊಂಡ ಮುಚ್ಚತೈತಿ."

ಪಂಢರಿನಾಥ ಮುಂದೆ ಬಂದ. "ಮೊದಲಿನಕಿಂತ ಚಲೋ ಆಗೇತಿ ಸಾಹೇಬ. ಜೇಕೆಲ್ಲಾ ಬುಡಸಮೇತ ತಗದಾಳ. ಎರಡ ವರ್ಷದಾಗ ನನ್ನ ಕೈಲೆ ಆಗಿದ್ದಿಲ್ಲ ಅದು." ತನ್ನ ಹುಲ್ಲು ಕಿತ್ತವಳ ಪರವಾಗಿ ಅವನು ಹಾಗೆ ಹೇಳಬೇಕಾಗಿರಲಿಲ್ಲ. ಹೇಳಿದ.

ಪಂಚಮಿಯ ಮರುದಿನ ಮುಂಬೈಯ ಸಾಹೇಬರು ಬಂದರು. ತಳಪಾಯ ಅಳೆಸಿದರು, ಕಾರಂಜಿಯ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಹುಲ್ಲಿನ ಮೇಲೆ ಬೂಟುಗಾಲಿನಿಂದ ಅಡ್ಡಾಡಿದರೂ ಅದರ ವಿಷಯ ಒಂದು ಮಾತೂ ಆಡಲಿಲ್ಲ. ಶಿವಬಸವ್ವನಿಗೆ ಸ್ವಲ್ಪ ಬೇಸರವಾಯಿತು. "ಹುಚ್ಚಿ, ಸಾಹೇಬ್ರ ಕಣ್ಣಿಗೆ ಬೀಳಲಿಲ್ಲ ಅಂದ್ರ ಎಲ್ಲಾ ಸರಿ ಇತ್ತಂತ ಅರ್ಥ" ಎಂದು ರಾಯರು ಕೋಪವಿಲ್ಲದೆಯೂ ಕನ್ನಡದಲ್ಲೇ ಹೇಳಿ, ಮರುವಾರ ಅವಳ ಹೆಸರನ್ನು ಕಾಯಂ ಪಟ್ಟಿಗೆ ಸೇರಿಸಿದರು. ಖೋಲಿಯ ಕೀಲಿ ಪಂಢರಿನಾಥ ತಂದುಕೊಟ್ಟ. ಮೊದಲ ಮಳೆಗೇ ಮಾಡು ಸೋರಿತು. ನಿಜಲಿಂಗಪ್ಪ ಹೆಂಚು ಸರಿಪಡಿಸಿದ. ಆ ಒಲೆಯ ಮೊದಲ ರೊಟ್ಟಿಯನ್ನು ಶಿವಬಸವ್ವ ಕಲ್ಲವ್ವನ ಮಕ್ಕಳಿಗೆ ಕೊಟ್ಟು ಬಂದಳು.

ಅಲ್ಲಿಂದ ಇಪ್ಪತ್ತು ವರ್ಷ ಅವಳು ಅದೇ ಖೋಲಿಯಲ್ಲಿದ್ದಳು. ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಹುಟ್ಟಿದರು. ಬುರುಜಿನ ನೆರಳಿನಲ್ಲಿ ಪಾಟಿ ಹಿಡಿದು ಮರಾಠಿಯಲ್ಲಿ ಓದುತ್ತ, ಒಳಗೆ ಬಂದು ಕನ್ನಡದಲ್ಲಿ ಜಗಳವಾಡುತ್ತ ಬೆಳೆದರು. ಪಂಢರಿನಾಥ ಊರಿಗೆ ಹೋದ ಮೇಲೆ ಹುಲ್ಲಿನ ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮಳು ಅವಳೇ ಆದಳು. ಶಾಲೆಯ ಮಕ್ಕಳು, ಊರೂರಿನ ಯಾತ್ರಿಕರು, ಹಳೆಯ ಕಥೆ ಕೇಳಿ ಕಣ್ಣು ಒರೆಸಿಕೊಳ್ಳುವ ಮುದುಕರು ಬಂದು ಆ ಅಂಗಳಗಳಲ್ಲಿ ಕೂತು ಹೋದರು.

1947ರ ಆಗಸ್ಟ್ ಹದಿನೈದರ ಬೆಳಿಗ್ಗೆ ಊರೆಲ್ಲ ಬೀದಿಗಿಳಿದಿತ್ತು. ಹೆಂಗಸರು ಎಂದಿನಂತೆ ಕುರ್ಪಿ ಹಿಡಿದು ಬಂದಾಗ ಶಿವಬಸವ್ವ ಅವನ್ನೆಲ್ಲ ಇಸಿದುಕೊಂಡು ಖೋಲಿಯೊಳಗಿಟ್ಟಳು. ಜನ ಗುಂಪುಗುಂಪಾಗಿ ವಾಡೆಯೊಳಗೆ ಬರತೊಡಗಿದರು. ಅವಳು ದೊಡ್ಡ ಅಂಗಳಕ್ಕೆ ಹೋಗಿ, ನಡುವೆ, ಒದ್ದೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಇಪ್ಪತ್ತು ವರ್ಷದಲ್ಲಿ ಅಲ್ಲಿ ಬಗ್ಗಿದ್ದಳು, ಮೊಣಕಾಲೂರಿದ್ದಳು. ಹೀಗೆ ಕೆಲಸವಿಲ್ಲದೆ ಕೂತಿರಲಿಲ್ಲ.

"ಸೀರಿ ತೊಯ್ತೈತಿ ಶಿವಾಬಾಯಿ" ಎಂದಳು ರಂಗೂಬಾಯಿ. ಈಗ ಅವಳ ಬಾಯಲ್ಲಿ ಎರಡೇ ಹಲ್ಲು ಉಳಿದಿದ್ದವು.

"ತೊಯ್ಲಿ. ನೀನೂ ಕುಂಡ್ರು ಬಾ" ಎಂದು ಶಿವಬಸವ್ವ ಪಕ್ಕಕ್ಕೆ ಸರಿದಳು.