ಜಲಜಕ್ಕನ ಗಾಳಿ ಮಿಷನ್ನಿಗೆ ಏಳು ವರ್ಷ

ಹಾಲಾಡಿ ಪೇಟೆಯಲ್ಲಿ, ತ್ರಾಸಿಯಿಂದ ಮೀನು ಮಾರಲು ಬರುವ ಜಲಜಕ್ಕನ ಬಾಯಿಗೆ ಸಿಕ್ಕವರು ಬಂಗುಡೆ ಕೊಳ್ಳದೆ ಹೋದದ್ದಿಲ್ಲ. ಆದರೆ ಏಳು ವರ್ಷದ ಹಿಂದೆ ಅದೇ ಬಾಯಿ, ಬುಟ್ಟಿಯ ಮುಂದೆ ಕೂತಲ್ಲೇ ಗೊರಕೆ ಹೊಡೆಯುತ್ತಿತ್ತು ಮಾರಾಯ್ರೆ! ಬೆಕ್ಕು ಮೀನು ಎತ್ತಿಕೊಂಡು ಹೋದರೂ ಗೊತ್ತಾಗುತ್ತಿರಲಿಲ್ಲ. ಒಮ್ಮೆಯಂತೂ ಬಸ್ಸಲ್ಲಿ ನಿದ್ದೆ ಹೋಗಿ, ಹಾಲಾಡಿಯಲ್ಲಿ ಇಳಿಯಬೇಕಾದವಳು ಬುಟ್ಟಿ ಸಮೇತ ಸಿದ್ದಾಪುರ ಮುಟ್ಟಿದ್ದಳು.

ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ, ಸ್ಲೀಪ್ ಆಪ್ನಿಯಾ ಎಂದರು ಡಾಕ್ಟರು. ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಮಿಷನ್ ಹಾಕಿಕೊಳ್ಳಲು ಶುರು ಮಾಡಿದ ಮೇಲೆ ಜಲಜಕ್ಕ ಹೊಸ ಹೆಂಗಸಾದಳು. ಮಿಷನ್ ಕೊಟ್ಟವರು ಮಾತ್ರ ಅಂದೇ ಹೇಳಿದ್ದರು: "ಐದು ವರ್ಷ ಬಾಳಿಕೆ ಬರ್ತದೆ ಅಮ್ಮ. ಆಮೇಲೆ ನಿಮ್ಮ ಅದೃಷ್ಟ."

ಏಳನೆಯ ವರ್ಷ, ಆಯುಧ ಪೂಜೆಯ ದಿನದಿಂದಲೇ ಮಿಷನ್ ಏದುಸಿರು ಬಿಡತೊಡಗಿತು. ಸದ್ದು ಜಾಸ್ತಿ, ಗಾಳಿ ಕಮ್ಮಿ. ಮೂರನೆಯ ದಿನ ಗಿರಾಕಿಯ ಎದುರೇ ತೂಕಡಿಸಿದಳು. ಹೆದರಿಕೆಯಾಯಿತು. ಮತ್ತೆ ಆ ಮಂಪರಿನ ಬದುಕು ಅವಳಿಗೆ ಬೇಡವೇ ಬೇಡ.

"ಹ್ವಾಯ್, ಇದ್ರ ಆಯಸ್ಸು ಮುಗೀತ್ ಕಾಣಿ," ಎಂದಳು ಗಂಡನಿಗೆ. ಬೋಟಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲಿ ಬಲೆ ಹೆಣೆಯುವ ಕಿಟ್ಟ ಸೂಜಿ ಕೆಳಗಿಟ್ಟು ಎದ್ದ. ಇಬ್ಬರೂ ಮಿಷನ್ ಎತ್ತಿಕೊಂಡು ಕುಂದಾಪುರದ ಅಂಗಡಿಗೆ ಹೋದರು.

ರಿಪೇರಿಯ ರವಿಚಂದ್ರ ಹಿಂಬದಿಯ ಮುಚ್ಚಳ ತೆಗೆದ. ಗಾಳಿ ಎಳೆಯುವ ಜಾಗದ ಫಿಲ್ಟರ್ ತುಂಬ ಒಣಗಿದ ಗಂಧ! ಮೇಲೆ ಕುಂಕುಮ, ನಾಲ್ಕು ಅಕ್ಷತೆ, ಒಂದು ದಾಸವಾಳದ ಎಸಳು.

"ಇದ್ ಯಾರ್ ಮಾಡಿದ್ ಪೂಜೆ ಮರ್ರೆ?"

ಜಲಜಕ್ಕ ತಿರುಗಿ ನೋಡಿದರೆ ಕಿಟ್ಟ ಮೇಲೆ ತಿರುಗುವ ಫ್ಯಾನ್ ನೋಡುತ್ತಿದ್ದ.

"ಬಲೆ ಸೂಜಿಗೆ, ಕತ್ತಿಗೆ ಎಲ್ಲ ಗಂಧ ಹಚ್ದೆ. ಹೆಂಡ್ತಿ ಉಸ್ರ್ ಕಾವ ಮಿಷನ್ನಿಗೆ ಹಚ್ಚದೆ ಇಪ್ಪುಕ್ ಆತ್ತಾ? ಮುಂದೆ ಹಚ್ರೆ ನೀ ಕಂಡ್ ನೆಗಾಡ್ತೆ ಅಂದೇಳಿ ಹಿಂದೆ ಹಚ್ದೆ."

ರವಿಚಂದ್ರ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ. ಹೊಸ ಫಿಲ್ಟರ್ ಹಾಕಿ, ಗಾಳಿಯ ಒತ್ತಡ ಅಳೆದು ನೋಡಿದ. "ಮೋಟಾರು ಗಟ್ಟಿ ಉಂಟು ಅಕ್ಕ. ಇನ್ನೆರಡು ವರ್ಷ ಓಡಿದ್ರೂ ಓಡೀತು, ಗ್ಯಾರಂಟಿ ಕೊಡೂದಿಲ್ಲ. ಫಿಲ್ಟರ್ ಆಗಾಗ ಬದಲಿಸಿ, ವರ್ಷಕ್ಕೊಮ್ಮೆ ತಂದು ತೋರಿಸಿ."

ಮೂವತ್ತಾರು ವರ್ಷದ ಸಂಸಾರದಲ್ಲಿ ಕಿಟ್ಟ ಒಂದು ಸಿಹಿ ಮಾತಾಡಿದವನಲ್ಲ. ಆಡಿದ್ದು ಈಗ, ಅದೂ ರಿಪೇರಿಯವನ ಎದುರು! ಜಲಜಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಬೈಯಲು ಬಾಯಿಯೇ ಬರಲಿಲ್ಲ. ಅಂಗಡಿ ಮೆಟ್ಟಿಲಿಳಿದ ಮೇಲೆ ಇಷ್ಟೇ ಅಂದಳು: "ಬಪ್ಪ ವರ್ಷ ಹೂ ನನ್ ತಲಿಗೆ ಮುಡ್ಸಿ. ಮಿಷನ್ನಿಗೆ ಬ್ಯಾಡ."

ಬಸ್ ಸ್ಟ್ಯಾಂಡಿನಲ್ಲಿ ಕಿಟ್ಟ ಒಂದು ಗಳಿಗೆ ಮಾಯ. ಬರುವಾಗ ಕೈಯಲ್ಲಿ ಒಂದು ಚೆಂಡು ಮಲ್ಲಿಗೆ.

"ಬಪ್ಪ ವರ್ಷದ್ ವರೆಗೆ ಎಂತಕೆ ಕಾಯೂದ್?"

ಬೈಂದೂರು ಬಸ್ಸಲ್ಲಿ ಜಲಜಕ್ಕ ಮಲ್ಲಿಗೆ ಮುಡಿದು, ಮೂರು ದಿನದ ನಿದ್ದೆಗೆಟ್ಟ ಕಣ್ಣು ಮುಚ್ಚಿ ಗಂಡನ ಭುಜಕ್ಕೆ ಒರಗಿದಳು. ತ್ರಾಸಿ ಸ್ಟಾಪ್ ತಪ್ಪಿಹೋಗದ ಹಾಗೆ ಕಿಟ್ಟ ಎಚ್ಚರವಾಗಿ ಕೂತಿದ್ದ.